ಮಾಲೆಕ್ ಮನೆಯ ಸಹಿ

ಮಾಲೆಕ್ ಮನೆಯಲ್ಲಿ ಓದದೆ ಯಾವ ಕಾಗದಕ್ಕೂ ಸಹಿ ಹಾಕುವ ಪದ್ಧತಿಯಿಲ್ಲ. ಬಾಗಿಲಿಗೆ ಬರೆದು ಅಂಟಿಸಿದ ನಿಯಮವೇನಲ್ಲ, ಆದರೆ ಊರಿಗೆಲ್ಲ ಗೊತ್ತು. ಆ ಮನೆಯ ಹಿರಿಯಳಾದ ಯಾದ್ವಿಗಾಳ ಮಾವ ಪೋಲೆಂಡಿನಿಂದ ಬಂದು ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಗೆ ಇಳಿದ ಹೊಸದರಲ್ಲಿ, ಕಂಪನಿಯ ಗುಮಾಸ್ತ ಒಂದು ಕಾಗದ ಮುಂದಿಟ್ಟು, ಚಳಿಗಾಲಕ್ಕೆ ಮನೆಗೆ ಕಲ್ಲಿದ್ದಲು ಕೊಡುತ್ತೇವೆ, ಇಲ್ಲೊಂದು ಗುರುತು ಹಾಕು ಎಂದಿದ್ದ. ಇಂಗ್ಲಿಷ್ ಬಾರದ ಮನುಷ್ಯ ನಂಬಿ ಗೀಟು ಎಳೆದ. ಅದು ಕಾರ್ಮಿಕ ಸಂಘ ಸೇರುವುದಿಲ್ಲವೆಂಬ ಮುಚ್ಚಳಿಕೆ. ಮರುವರ್ಷ ಮುಷ್ಕರವಾದಾಗ ಜೊತೆಯವರು ಅವನ ಮುಖಕ್ಕೇ ಕಂಪನಿಯ ನಾಯಿ ಎಂದರು. ಚರ್ಚಿನಲ್ಲಿ ಅವನ ಹೆಂಡತಿಯ ಪಕ್ಕ ಯಾರೂ ಕೂರಲಿಲ್ಲ.

ಆ ಅವಮಾನ ಮಗ ಕ್ಯಾಸಿಮಿರನಲ್ಲಿ ಹಟವಾಗಿ ಬೆಳೆಯಿತು. ಯಾದ್ವಿಗಾಳನ್ನು ಮದುವೆಯಾದ ದಿನ ಚರ್ಚಿನ ಮದುವೆ ದಾಖಲೆಯನ್ನು ಮೊದಲಿಂದ ಕೊನೆಯವರೆಗೆ ಓದಿಯೇ ಅವನು ಸಹಿ ಮಾಡಿದ್ದು. ಹೊರಗೆ ನೆಂಟರು ಎರಚುವುದಕ್ಕೆ ಅಕ್ಕಿ ಹಿಡಿದುಕೊಂಡು ಕಾದೇ ಕಾದರು. ಫ್ರಿಜ್ ಕೊಂಡಾಗ ಗ್ಯಾರಂಟಿ ಕಾರ್ಡನ್ನು ಅಂಗಡಿಯಲ್ಲೇ ನಿಂತು ಓದಿ, ಅದರಲ್ಲಿದ್ದ ಎರಡು ತಪ್ಪುಗಳನ್ನು ಅಂಗಡಿಯವನಿಗೆ ತೋರಿಸಿ ಬಂದಿದ್ದ. ಕ್ಯಾಸಿಮಿರ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಆದರೆ ಯಾದ್ವಿಗಾ ಈಗಲೂ ಗ್ಯಾಸಿನ ಬಿಲ್ಲಿನ ಹಿಂಬದಿಯನ್ನೂ ಓದುತ್ತಿದ್ದಳು.

ಅಂಥವಳು 2007ರ ನವೆಂಬರ್ ಕೊನೆಯ ಗುರುವಾರ, ಹಿಟ್ಟಿನ ಕೈಯಲ್ಲಿ, ಓದದ ಕಾಗದಕ್ಕೆ ಸಹಿ ಹಾಕುತ್ತೇನೆಂದು ಹದಿನಾಲ್ಕು ಹೆಂಗಸರ ಎದುರು ಮಾತು ಕೊಟ್ಟುಬಿಟ್ಟಳು.

ಗುರುವಾರವೆಂದರೆ ಚರ್ಚಿನ ನೆಲಮಾಳಿಗೆಯಲ್ಲಿ ಪಿರೋಗಿ ಮಾಡುವ ದಿನ. ಹಿಟ್ಟಿನ ಬಿಲ್ಲೆಯೊಳಗೆ ಆಲೂಗಡ್ಡೆ, ಚೀಸ್ ತುಂಬಿ, ಮಡಚಿ, ಅಂಚು ಒತ್ತಿ, ಶುಕ್ರವಾರ ಊರಿಗೆ ಮಾರುವುದು. ಚರ್ಚಿನ ಸೂರು ನಿಂತಿರುವುದೇ ಈ ಹೆಂಗಸರ ಹೆಬ್ಬೆರಳಿನ ಮೇಲೆ ಎಂದು ಹಿಂದಿನ ಪಾದ್ರಿ ಹೇಳುತ್ತಿದ್ದರು. ಅಲ್ಲಿನ ಅಡುಗೆಮನೆಯ ಬೀಗದ ಕೈ ಮೂವತ್ತೊಂದು ವರ್ಷದಿಂದ ಯಾದ್ವಿಗಾಳ ಏಪ್ರನ್ನಿನ ಪಿನ್ನಿಗೆ ನೇತಾಡುತ್ತಿತ್ತು. ಅವಳು ಹಿಟ್ಟನ್ನು ಮುಟ್ಟಿ ಆಯಿತು ಎನ್ನುವವರೆಗೆ ಯಾರೂ ಲಟ್ಟಣಿಗೆ ಎತ್ತುವಂತಿರಲಿಲ್ಲ.

ಕಾಗದ ತಂದವಳು ಡೊಲೊರೆಸ್, ಯಾದ್ವಿಗಾಳ ಬಾಲ್ಯದ ಗೆಳತಿ. ಭಕ್ತಿಯಲ್ಲೂ ಊರ ಸುದ್ದಿಯಲ್ಲೂ ಎತ್ತಿದ ಕೈ. ‘ಬೆಟ್ಟದ ಮೇಲಿನ ಕುರ್ಚಿ’ ಅಂತ ಮಕ್ಕಳ ಪುಸ್ತಕವೊಂದು ಬಂದಿದೆ, ಬರೆದವನು ನಾಸ್ತಿಕ, ಕೊನೆಗೆ ದೇವರೇ ಇಲ್ಲ ಅಂತ ತೋರಿಸುತ್ತಾನೆ, ಕ್ರಿಸ್ಮಸ್ಸಿಗೆ ಅದರ ಸಿನಿಮಾ ಬೇರೆ ಬರುತ್ತಿದೆ ಎಂದು ಅವಳು ಎಲ್ಲರಿಗೂ ವಿವರಿಸಿದಳು. ಊರಿನ ಲೈಬ್ರರಿಯಿಂದ ಪುಸ್ತಕ ತೆಗೆಯಬೇಕು, ಟಾಕೀಸಿನಲ್ಲಿ ಸಿನಿಮಾ ಹಾಕಬಾರದು, ಇದು ಮನವಿ. ಭಾನುವಾರ ಚರ್ಚಿನ ಬಾಗಿಲಲ್ಲೇ ಇಪ್ಪತ್ತೆರಡು ಸಹಿ ಬಿದ್ದಿವೆ ಎಂದಳು.

ಯಾದ್ವಿಗಾ ತಲೆಯೆತ್ತದೆ ಹಿಟ್ಟು ನಾದುತ್ತಲೇ, "ಮಕ್ಕಳಿಗೆ ದೇವರಿಲ್ಲ ಅಂತ ಕಲಿಸೋರ ವಿರುದ್ಧ ನನ್ನದೊಂದು ಸಹಿ ಏನು, ಹತ್ತು ಹಾಕ್ತೀನಿ. ಕೈ ಹಿಟ್ಟಾಗಿದೆ, ಏಪ್ರನ್ ಜೇಬಿಗೆ ತುರುಕು," ಎಂದಳು. ಹೆಂಗಸರೆಲ್ಲ ಭೇಷ್ ಎಂದು ನಕ್ಕರು.

ಸಂಜೆ ಊಟಕ್ಕೆ ಕೋಸಿನ ಎಲೆಯಲ್ಲಿ ಸುತ್ತಿದ ಮಾಂಸ, ಬೇಯಿಸಿದ ಆಲೂಗಡ್ಡೆ, ಅದರ ಮೇಲೆ ಬೆಣ್ಣೆಯಲ್ಲಿ ಹುರಿದ ಈರುಳ್ಳಿ. ಮೇಜಿನ ಸುತ್ತ ನಾಲ್ವರು: ಯಾದ್ವಿಗಾ; ಮಗ ರೇಮಂಡ್, ಶಾಲಾ ಬಸ್ಸುಗಳ ಶೆಡ್ಡಿನಲ್ಲಿ ಮೆಕ್ಯಾನಿಕ್, ಭಾನುವಾರ ಚರ್ಚಿನಲ್ಲಿ ಜನರಿಗೆ ಜಾಗ ತೋರಿಸಿ ಕೂರಿಸುವವನು; ಸೊಸೆ ಡೆನೀಸ್, ಊರಿನ ಲೈಬ್ರರಿಯ ಕೌಂಟರಿನಲ್ಲಿ ಕೂರುವವಳು; ಮತ್ತು ಅವರ ಹನ್ನೊಂದು ವರ್ಷದ ಮಗಳು ಬ್ರಿಜಿಟ್. ಅಜ್ಜಿಯನ್ನು ಅವಳು ಕರೆಯುವುದು ಬಾಬ್ಚಿ ಎಂದು.

ಯಾದ್ವಿಗಾ ಕಾಗದ ತೆಗೆದು, ಕೈ ಒರೆಸಿಕೊಂಡು, ಪೆನ್ನು ಕೇಳಿದಳು. ರೇಮಂಡ್ ಖುಷಿಯಿಂದ ಜೇಬಿನ ಪೆನ್ನನ್ನೇ ಕೊಟ್ಟ. ಡೆನೀಸ್ ತಟ್ಟೆ ನೋಡುತ್ತ ಕೂತಳು. ಬ್ರಿಜಿಟ್ ಮಾತ್ರ ಎದುರು ಬದಿಯಿಂದ ತಲೆಕೆಳಗಾದ ಅಕ್ಷರಗಳನ್ನು ಓದುತ್ತಿದ್ದಳು.

"ಬಾಬ್ಚಿ, ಇದರಲ್ಲಿ ‘ಈ ಪುಸ್ತಕವನ್ನು ಓದಿ ಮನನೊಂದ ನಾವು’ ಅಂತಿದೆ. ನೀನು ಯಾವಾಗ ಓದ್ದೆ?"

ಪೆನ್ನು ಕಾಗದದಿಂದ ಒಂದಂಗುಲ ಮೇಲೆ ನಿಂತಿತು. ಗೋಡೆಯ ಫೋಟೋದಲ್ಲಿ ಕ್ಯಾಸಿಮಿರ್ ಕನ್ನಡಕದೊಳಗಿಂದ ನೋಡುತ್ತಿದ್ದ. ಯಾದ್ವಿಗಾ ಮೊದಲ ಸಾಲಿನಿಂದ ಓದಿದಳು. ನಿಜ, ಹಾಗೇ ಇತ್ತು. ಕೆಳಗೆ ಹೆಸರುಗಳು. ಮೂರನೆಯದರ ಮೇಲೆ ಅವಳ ಬೆರಳು ನಿಂತಿತು: ರೇಮಂಡ್ ಕ್ಯಾಸಿಮಿರ್ ಮಾಲೆಕ್.

"ನೀನು ಯಾವಾಗ ಓದ್ದೆ?" ಎಂದು ಮಗನನ್ನು ಕೇಳಿದಳು.

"ಅಮ್ಮ, ಎಲ್ಲಾರೂ ಹಾಕ್ತಾ ಇದ್ರು. ವಿಷ ಅಂತ ತಿಳ್ಕೊಳ್ಳೋಕೆ ಕುಡಿದೇ ನೋಡ್ಬೇಕಾ? ಡೊಲೊರೆಸ್ ಆಂಟಿ ಪೆನ್ ಹಿಡ್ಕೊಂಡು ನಿಂತಿದ್ರು, ಇಲ್ಲ ಅನ್ನೋಕಾಗುತ್ತಾ?"

"ನಿನ್ನ ತಾತನ ಮುಂದೆನೂ ಆ ಗುಮಾಸ್ತ ಪೆನ್ ಹಿಡ್ಕೊಂಡೇ ನಿಂತಿದ್ದ."

ರೇಮಂಡ್ ಆಲೂಗಡ್ಡೆಯನ್ನು ಚಮಚದಲ್ಲಿ ಜಜ್ಜಿದ. ಆಗ ಡೆನೀಸ್ ತಣ್ಣಗೆ ಬಾಯಿಬಿಟ್ಟಳು. ಲೈಬ್ರರಿಯಲ್ಲಿ ಇರುವುದು ಒಂದೇ ಪ್ರತಿ, ಅದು ಈಗ ಬ್ರಿಜಿಟ್ ಬಳಿಯೇ ಇದೆ, ಹಿಂತಿರುಗಿಸಲು ಇನ್ನೂ ದಿನವಿದೆ ಎಂದಳು. ಇದು ರೇಮಂಡನಿಗೆ ಗೊತ್ತಿರಲಿಲ್ಲ.

"ನನ್ನ ಮನೆಯೊಳಗೇ ತಂದಿದ್ದೀಯಾ?"

"ನಾನು ತಂದಿಲ್ಲ. ಅವಳ ಕಾರ್ಡಲ್ಲಿ ಅವಳು ತಂದ್ಲು. ನಾನು ತಾರೀಖಿನ ಮುದ್ರೆ ಹೊಡೆದೆ, ಅದು ನನ್ನ ಕೆಲಸ. ನೀನು ನಿನ್ನ ಹೆಂಡತಿ ಕೆಲಸದ ವಿರುದ್ಧ ಸಹಿ ಹಾಕಿ ಬಂದು ನಾಲ್ಕು ದಿನ ಆಯ್ತು, ನನಗೆ ಹೇಳಿದ್ಯಾ?"

ಆಮೇಲೆ ಮಾತಿಗೆ ಮಾತು ಬೆಳೆಯಿತು. ಸಿನಿಮಾಗೆ ತರಗತಿಯವರೆಲ್ಲ ಹೋಗುತ್ತಿದ್ದಾರೆ ಎಂದು ಬ್ರಿಜಿಟ್ ನಡುವೆ ಹೇಳಿ ಇನ್ನಷ್ಟು ಕೆಡಿಸಿದಳು. ಸಿನಿಮಾವೂ ಇಲ್ಲ ಪುಸ್ತಕವೂ ಇಲ್ಲ ಎಂದ ರೇಮಂಡ್. ಯಾದ್ವಿಗಾ ಕಾಗದವನ್ನು ನಾಲ್ಕಾಗಿ ಮಡಚಿ ಉಪ್ಪಿನ ಡಬ್ಬಿಯ ಕೆಳಗಿಟ್ಟಳು.

"ಪುಸ್ತಕ ತಗೊಂಡು ಬಾ," ಎಂದು ಮೊಮ್ಮಗಳಿಗೆ ಹೇಳಿದಳು. "ಓದ್ತೀನಿ. ಓದಿ ಸಹಿ ಹಾಕ್ತೀನಿ."

ಮುನ್ನೂರ ಹದಿನಾಲ್ಕು ಪುಟ. ಯಾದ್ವಿಗಾ ಎಂಟನೇ ಕ್ಲಾಸಿನವರೆಗೆ ಓದಿದವಳು. ಆಮೇಲೆ ಅವಳು ಓದಿದ್ದು ಪ್ರಾರ್ಥನೆಯ ಪುಸ್ತಕ, ಸಂತರ ಚರಿತ್ರೆ, ಗ್ಯಾರಂಟಿ ಕಾರ್ಡು. ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಆಲೂಗಡ್ಡೆ ಬೇಯಲು ಇಟ್ಟು, ಭೂತಗನ್ನಡಿ ಹಿಡಿದು ಅಡುಗೆಮನೆಯ ಮೇಜಿಗೆ ಕೂರುತ್ತಿದ್ದಳು. ಪುಸ್ತಕದ ಜೊತೆ ಜೋರಾಗಿಯೇ ಜಗಳವಾಡುತ್ತಿದ್ದಳು. ಆ ಕಥೆಯ ಊರಿನಲ್ಲಿ ದಿನಾ ಬೆಳಿಗ್ಗೆ ಸೂರ್ಯನಿಗೆ ಕೀಲಿ ಕೊಡುವ ಯಜಮಾನನೊಬ್ಬ ಬೆಟ್ಟದ ತುದಿಯಲ್ಲಿ ಕೂತಿದ್ದಾನೆಂದು ಎಲ್ಲರೂ ನಂಬಿದ್ದರು. ಓರ್ಲಾ ಎಂಬ ಹುಡುಗಿ ತಮ್ಮನ ಕಾಯಿಲೆ ವಾಸಿ ಮಾಡು ಎಂದು ಅವನನ್ನು ಕೇಳಲು ಬೆಟ್ಟ ಹತ್ತುತ್ತಾಳೆ. "ಸ್ವೆಟರ್ ಇಲ್ದೆ ಹೊರಟ್ಲಲ್ಲ, ಇದರ ತಾಯಿಗೆ ಬುದ್ಧಿ ಬೇಡ್ವಾ," ಎಂದು ಯಾದ್ವಿಗಾ ಪುಟ ತಿರುವುತ್ತಿದ್ದಳು. ಆಲೂಗಡ್ಡೆ ಎರಡು ಸಲ ತಳ ಹತ್ತಿತು.

ರೇಮಂಡನಿಗೆ ಅವಳು ಬೈಯಲಿಲ್ಲ. ಹುರಿದ ಈರುಳ್ಳಿ ನಿಲ್ಲಿಸಿದಳು, ಅಷ್ಟೇ. ಎಲ್ಲರ ಆಲೂಗಡ್ಡೆಯ ಮೇಲೂ ಬೀಳುತ್ತಿತ್ತು, ಅವನ ತಟ್ಟೆಗೆ ಬರುವಷ್ಟರಲ್ಲಿ ಚಮಚ ಬರಿದಾಗಿರುತ್ತಿತ್ತು. ಮೊದಲ ದಿನ ಅಮ್ಮ ಮರೆತಿರಬೇಕು ಎಂದುಕೊಂಡ. ಮೂರನೆಯ ದಿನಕ್ಕೆ ಅರ್ಥವಾಯಿತು. ನಲವತ್ತೆಂಟು ವರ್ಷದ ಗಂಡಸು ಈರುಳ್ಳಿಗಾಗಿ ತಾಯಿಯ ಮುಂದೆ ಬಾಯಿ ಬಿಡುವುದು ಹೇಗೆಂದು ಸುಮ್ಮನೆ ತಿಂದೆದ್ದ. ಗಂಡ ಹೆಂಡತಿ ನಡುವೆಯೂ ಬೇಕಾದಷ್ಟೇ ಮಾತು. ಬಟ್ಟೆ ಒಗೆಯುವ ಯಂತ್ರದಲ್ಲಿ ಅವನ ಬಟ್ಟೆ ಬೇರೆ, ಅವಳ ಬಟ್ಟೆ ಬೇರೆ ಬೀಳತೊಡಗಿತು.

ಎರಡು ವಾರ ಕಳೆದರೂ ಸಹಿ ಬರದಿದ್ದಾಗ ಡೊಲೊರೆಸ್ ವಾಲ್‌ನಟ್ ರೊಟ್ಟಿ ಹಿಡಿದು ಮನೆಗೇ ಬಂದಳು. ಮೇಜಿನ ಮೇಲೆ ತೆರೆದಿದ್ದ ಪುಸ್ತಕ ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು.

"ಜನ ಏನಂತಾರೆ ಗೊತ್ತಾ? ಸೊಸೆ ಮಾತು ಕೇಳ್ಕೊಂಡು ಯಾದ್ವಿಗಾ ಜಾರ್ಕೊಂಡ್ಲು ಅಂತ."

"ನೂರ ತೊಂಬತ್ತನೇ ಪುಟದಲ್ಲಿದ್ದೀನಿ. ಅಲ್ಲೀ ತನಕ ನನ್ನ ಸೊಸೆ ಎಲ್ಲೂ ಬಂದಿಲ್ಲ."

"ನಗ್ಬೇಡ. ಬೀಗದ ಕೈ ನಿನ್ನ ಹತ್ರ ಇದೆ. ನೀನೇ ಸಹಿ ಹಾಕ್ಲಿಲ್ಲ ಅಂದ್ರೆ ಆ ಕೈ ನಿನ್ನ ಹತ್ರ ಯಾಕಿರ್ಬೇಕು ಅಂತ ಕೇಳ್ತಾರೆ."

ಕ್ಯಾಸಿಮಿರ್ ಹೋದ ಮೇಲೆ ಯಾದ್ವಿಗಾಳನ್ನು ಹಿಡಿದು ನಿಲ್ಲಿಸಿದ್ದು ಚರ್ಚಿನ ಆ ಅಡುಗೆಮನೆ. ಆದರೂ ಕಾಫಿ ಸುರಿದು, ರೊಟ್ಟಿಯ ಮೊದಲ ತುಂಡು ಗೆಳತಿಗೇ ಕೊಟ್ಟು, ಇಪ್ಪತ್ತನೇ ತಾರೀಖಿನೊಳಗೆ ಹೇಳುತ್ತೇನೆಂದು ಕಳಿಸಿದಳು. ಇಪ್ಪತ್ತರ ಸಂಜೆ ಲೈಬ್ರರಿಯ ಸಮಿತಿಗೆ ಮನವಿ ಸಲ್ಲಬೇಕಿತ್ತು. ಭಾನುವಾರ ಈಗಿನ ಪಾದ್ರಿ ಫಾದರ್ ಕೆವಿನ್ ಅವರನ್ನು ಕೇಳಿದರೆ, ಓದುವುದು ಒಳ್ಳೆಯದೇ, ಸಹಿ ಹಾಕುವುದೂ ಒಳ್ಳೆಯದೇ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಹದಿನೇಳರಂದು ಪುಸ್ತಕ ಮುಗಿಯಿತು. ಬ್ರಿಜಿಟ್ ಶಾಲೆಯಿಂದ ಬಂದಾಗ ಅಜ್ಜಿ ಭೂತಗನ್ನಡಿ ಪಕ್ಕಕ್ಕಿಟ್ಟು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಹುಡುಗಿ ಇನ್ನೊಂದು ಚಾಕು ತಂದು ಎದುರಿಗೆ ಕೂತಳು.

"ಬೆಟ್ಟದ ತುದೀಲಿ ಯಾರೂ ಇರ್ಲಿಲ್ಲ," ಎಂದಳು ಯಾದ್ವಿಗಾ.

"ಹೂಂ. ಬರೀ ಕುರ್ಚಿ."

"ಡೊಲೊರೆಸ್ ಮನವಿ ಜೊತೆ ಹಂಚಿದ ಚೀಟೀಲಿ, ಅಲ್ಲಿ ಮಕ್ಕಳು ಕುಣಿದು ಕೇಕೆ ಹಾಕ್ತಾರೆ ಅಂತಿತ್ತು. ಎಲ್ಲಿ ಕುಣಿದ್ರು? ಆ ಹುಡುಗಿ ಅತ್ಲು. ಆಮೇಲೆ ಆ ಕೋಣೆ ಗುಡಿಸಿದ್ಲು. ಯಾರೂ ಇಲ್ದಿರೋ ಮನೇನ ಗುಡಿಸಿ, ಕುರ್ಚಿ ಒರೆಸಿ ಇಳಿದ್ಲು." ಯಾದ್ವಿಗಾ ಸಿಪ್ಪೆಯ ಉದ್ದನೆಯ ಸುರುಳಿಯನ್ನು ಬಟ್ಟಲಿಗೆ ಹಾಕಿದಳು. "ಬರೆದೋನಿಗೆ ದೇವರಿಲ್ಲ. ಆದ್ರೆ ಅವನಿಗೆ ಒಬ್ಬ ಒಳ್ಳೇ ತಾಯಿ ಇದ್ದಿರ್ಬೇಕು."

ನಿನಗೆ ನಿಜಕ್ಕೂ ಮೇಲೆ ಯಾರೂ ಇಲ್ಲ ಅನ್ನಿಸುತ್ತದಾ ಎಂದು ಮೊಮ್ಮಗಳನ್ನು ಕೇಳಿದಳು. ಬ್ರಿಜಿಟ್ ಬಹಳ ಹೊತ್ತು ಒಂದೇ ಆಲೂಗಡ್ಡೆ ಕೆತ್ತಿದಳು. ಗೊತ್ತಿಲ್ಲ, ಮಲಗುವಾಗ ಪ್ರಾರ್ಥನೆ ಮಾಡುತ್ತೇನೆ, ಆದರೆ ಓದುವಾಗ ಒಂದು ಸಲ ಇಲ್ಲದೆಯೂ ಇರಬಹುದು ಅನ್ನಿಸಿತು, ಹೆದರಿಕೆಯಾಯಿತು ಎಂದಳು. ಇದನ್ನು ಅಪ್ಪನಿಗೆ ಹೇಳಬೇಡ ಎಂದೂ ಸೇರಿಸಿದಳು.

"ನಿನ್ನ ಅಜ್ಜ ಹೋದ ಮೇಲೆ ಎರಡು ಚಳಿಗಾಲ ನನಗೂ ಹಾಗೇ ಇತ್ತು," ಎಂದಳು ಯಾದ್ವಿಗಾ. ಈ ಮಾತನ್ನು ಅವಳು ಪಾದ್ರಿಗೂ ಹೇಳಿರಲಿಲ್ಲ. "ಹತ್ತಿ ಹತ್ತಿ ಹೋಗ್ತಿದ್ದೆ, ಕುರ್ಚಿ ಖಾಲಿ."

"ಮತ್ತೆ ಚರ್ಚಿಗೆ ಯಾಕೆ ಹೋಗ್ತಿದ್ದೆ?"

"ಗುರುವಾರ ಹಿಟ್ಟು ನಾದೋರು ಯಾರು ಮತ್ತೆ?"

ಬ್ರಿಜಿಟ್ ನಕ್ಕಳು. ಅಜ್ಜಿಯೂ ನಕ್ಕಳು. ಯಾವಾಗ ದೇವರು ಮತ್ತೆ ಬಂದು ಕೂತನೋ ತನಗೆ ಗೊತ್ತಾಗಲೇ ಇಲ್ಲ, ಒಂದು ದಿನ ನೋಡಿದರೆ ಇದ್ದ, ಎಂದು ಆಮೇಲೆ ಹೇಳಿದಳು.

ಇಪ್ಪತ್ತರ ಗುರುವಾರ ಕ್ರಿಸ್ಮಸ್ಸಿನ ಹಿಂದಿನ ಕೊನೆಯ ಪಿರೋಗಿ. ಬೇಡಿಕೆ ಎಷ್ಟಿರುತ್ತದೆಂದರೆ ಅಂದು ಗಂಡಸರೂ ರಜೆ ಹಾಕಿ ಬಂದು ಮೂಟೆ ಹೊರುತ್ತಾರೆ, ದೊಡ್ಡ ಪಾತ್ರೆ ಇಳಿಸುತ್ತಾರೆ. ರೇಮಂಡನೂ ಬಂದಿದ್ದ. ಯಾದ್ವಿಗಾ ಹಿಟ್ಟು ಮುಟ್ಟಿ ಆಯಿತು ಎಂದಳು, ಆದರೆ ಯಾರೂ ಲಟ್ಟಣಿಗೆ ಎತ್ತಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು.

"ಮುನ್ನೂರ ಹದಿನಾಲ್ಕು ಪುಟ ಓದ್ದೆ," ಎಂದಳು. "ನನಗೆ ಆ ಪುಸ್ತಕ ಒಪ್ಪಿಗೆ ಇಲ್ಲ. ಬರೆದೋನು ಎದುರಿಗೆ ಸಿಕ್ಕಿದ್ರೆ, ನೀನು ತಪ್ಪು ತಿಳ್ಕೊಂಡಿದ್ದೀಯಪ್ಪ ಅಂತ ಮುಖಕ್ಕೇ ಹೇಳ್ತೀನಿ. ಆದ್ರೆ ಇದರಲ್ಲಿ ‘ಓದಿ ಮನನೊಂದ ನಾವು’ ಅಂತಿದೆ. ಇಲ್ಲಿ ಓದಿದೋರು ಯಾರಿದ್ದೀರಿ?"

ಒಬ್ಬಳು ಎದ್ದು ಹೋಗಿ ಕುದಿಯುತ್ತಿದ್ದ ಪಾತ್ರೆಯ ಉರಿ ತಗ್ಗಿಸಿದಳು. ಡೊಲೊರೆಸ್ ಮುಖ ಕೆಂಪಗೆ ಮಾಡಿಕೊಂಡು, ಅದು ಬರೀ ಬರೆಯುವ ರೀತಿ, ಬೇಕಿದ್ದರೆ ಆ ಮಾತು ಹೊಡೆದುಹಾಕೋಣ, ಈಗ ಸಹಿ ಹಾಕು ಎಂದಳು.

"ಈಗಂತೂ ಆಗೋದೇ ಇಲ್ಲ. ಮೊದಲಾದ್ರೆ ಓದಿರ್ಲಿಲ್ಲ. ಈಗ ಓದಿದ್ದೀನಿ. ಆ ಪುಸ್ತಕ ಓದಿ ನನ್ನ ಮೊಮ್ಮಗಳು ನನ್ನ ಎದುರಿಗೆ ಕೂತು ದೇವರ ವಿಷಯ ಮಾತಾಡಿದ್ಲು. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ. ಅದನ್ನ ಕಪಾಟಿಂದ ತೆಗೀರಿ ಅಂತ ನಾನು ಬರೆದು ಕೊಡಲ್ಲ."

ಡೊಲೊರೆಸ್ ಎಲ್ಲರ ಮುಖ ನೋಡಿದಳು. ಹೇಳಬೇಕಾದ್ದನ್ನು ಹೇಳಲು ಅವಳಿಗೂ ಸುಲಭವಿರಲಿಲ್ಲ. ಅರವತ್ತು ವರ್ಷದ ಗೆಳೆತನ. ಆದರೂ ಹೇಳಿದಳು. "ಹಾಗಿದ್ರೆ ಬೀಗದ ಕೈ ಇಲ್ಲಿಡು ಯಾದ್ವಿಗಾ."

ಯಾದ್ವಿಗಾ ಪಿನ್ನು ಬಿಚ್ಚಿದಳು. ಬೆರಳಿಗೆ ಹಿಟ್ಟು ಮೆತ್ತಿದ್ದರಿಂದ ಸ್ವಲ್ಪ ತಡವಾಯಿತು. ಬೀಗದ ಕೈಯನ್ನು ಕಾಗದದ ಮೇಲಿಟ್ಟು, ಸಾಲಿನ ಕೊನೆಯ ಸ್ಟೂಲಿಗೆ, ಹೊಸಬರು ಕೂರುವ ಜಾಗಕ್ಕೆ ಹೋಗಿ ಕೂತು, ಅಂಚು ಒತ್ತಲು ಒಂದು ಬಿಲ್ಲೆ ಕೈಗೆತ್ತಿಕೊಂಡಳು. ಬೆನ್ನು ನೆಟ್ಟಗಿತ್ತು.

ರೇಮಂಡ್ ಬಾಗಿಲಲ್ಲಿ ಮೂಟೆ ಹೊತ್ತು ನಿಂತೇ ಇದ್ದ. ಇಳಿಸಿದ. ಕೈ ಒರೆಸಿಕೊಂಡು ಮೇಜಿನ ಬಳಿ ಬಂದು, ಬೀಗದ ಕೈಯನ್ನು ಸರಿಸಿ, ಜೇಬಿನ ಪೆನ್ನು ತೆಗೆದ.

"ಮೂರನೇ ಸಾಲು ನಂದು ಆಂಟಿ. ನಾನು ಓದಿಲ್ಲ." ತನ್ನ ಹೆಸರಿನ ಮೇಲೆ ನೆಟ್ಟಗೆ ಒಂದು ಗೀಟು ಎಳೆದ.

"ಅಂದ್ರೆ ನೀನು ದೇವರ ಕಡೆ ಇಲ್ವಾ?"

"ದೇವರ ಕಡೆನೇ ಇದ್ದೀನಿ. ಅದಕ್ಕೇ ಸುಳ್ಳಿಗೆ ಸಹಿ ಬೇಡ ಅಂತಿದ್ದೀನಿ."

ಯಾದ್ವಿಗಾ ತಲೆಯೆತ್ತಲಿಲ್ಲ. ಎತ್ತಿದ್ದರೆ ಕಣ್ಣೀರು ಎಲ್ಲರಿಗೂ ಕಾಣುತ್ತಿತ್ತು, ಮತ್ತು ಅದು ಬೀಗದ ಕೈ ಹೋದದ್ದಕ್ಕೆ ಎಂದು ಜನ ತಿಳಿಯುತ್ತಿದ್ದರು. ಮಾವ ಗೀಟು ಎಳೆದು ಕಳೆದದ್ದನ್ನು ಮೊಮ್ಮಗ ಗೀಟು ಎಳೆದು ತಂದ ಎಂದು ಅವಳಿಗೆ ಅನ್ನಿಸಿತು. ಆಮೇಲೆ ಇನ್ನಿಬ್ಬರು ಹೆಂಗಸರು ಸದ್ದಿಲ್ಲದೆ ಎದ್ದು ಬಂದು, ತಮ್ಮ ಹೆಸರನ್ನೂ ಹೊಡೆಯಲು ಪೆನ್ನು ಕೇಳಿದರು. ಉಳಿದವರು ಏಳಲಿಲ್ಲ. ಅಂದು ಸಂಜೆ ರೇಮಂಡನ ತಟ್ಟೆಗೆ ಎರಡು ಚಮಚ ಹುರಿದ ಈರುಳ್ಳಿ ಬಿತ್ತು.

ಲೈಬ್ರರಿಯ ಸಮಿತಿ ಮನವಿ ನೋಡಿ, ಹೊಸ ವರ್ಷದ ನಂತರ ಯೋಚಿಸುತ್ತೇವೆಂದಿತು; ಅಲ್ಲಿಯವರೆಗೆ ಪುಸ್ತಕ ಕಪಾಟಿನಲ್ಲೇ ಇರಲಿ ಎಂದಿತು. ಡೆನೀಸ್ ಇದನ್ನು ಹೇಳಿ ಗಂಡನ ಬಟ್ಟೆಯನ್ನೂ ತನ್ನದರ ಜೊತೆ ಯಂತ್ರಕ್ಕೆ ಹಾಕಿದಳು. ಮನವಿಯ ಇನ್ನೊಂದು ಪ್ರತಿ ಹೋಗಿದ್ದರೂ ಟಾಕೀಸಿನವರು ಸಿನಿಮಾ ಹಾಕಿಯೇ ಹಾಕಿದರು. ನೋಡದೆ ಏನೂ ಹೇಳುವುದಿಲ್ಲ ಎಂದು ಶನಿವಾರ ರೇಮಂಡನೇ ಎಲ್ಲರನ್ನೂ ಕರೆದುಕೊಂಡು ಹೋದ. ಕೊನೆಯಲ್ಲಿ ಓರ್ಲಾ ಬೆಟ್ಟದ ತುದಿ ಮುಟ್ಟಿದಾಗ, ಕುರ್ಚಿಯಲ್ಲಿ ಬಿಳಿಗಡ್ಡದ ಮುದುಕನೊಬ್ಬ ಕೂತು ಕಣ್ಣು ಮಿಟುಕಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಸಿನಿಮಾದವರು ಹೊಂದಿಸಿಬಿಟ್ಟಿದ್ದರು. ಯಾದ್ವಿಗಾ ಕತ್ತಲಲ್ಲೇ ಸೊಸೆಯ ಮೊಣಕೈ ತಿವಿದಳು.

"ಇದು ಪುಸ್ತಕದಲ್ಲಿ ಇಲ್ಲ. ಓದದೆ ಇರೋರಿಗೆ ಹೆದರಿ ಸೇರಿಸಿದ್ದಾರೆ. ಇವನಿಗಿಂತ ಖಾಲಿ ಕುರ್ಚಿನೇ ಮರ್ಯಾದಸ್ಥವಾಗಿತ್ತು."

ಮುಂದಿನ ಸಾಲಿನವರು ತಿರುಗಿ ನೋಡಿದರು. ರೇಮಂಡ್ ಪಾಪ್‌ಕಾರ್ನ್ ಪೊಟ್ಟಣವನ್ನು ತಾಯಿಯ ಕೈಗಿಟ್ಟು ಬಾಯಿ ಮುಚ್ಚಿಸಿದ.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಮಾಲೆಕ್ ಮನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿ, ಯೇಸು ಹುಟ್ಟಿದ ಕೊಟ್ಟಿಗೆಯ ನೆನಪಿಗೆ ಅದರ ಕೆಳಗೆ ಒಂದಿಷ್ಟು ಒಣಹುಲ್ಲು ಹರಡಿದ್ದರು. ಬೀಟ್‌ರೂಟ್ ಸಾರು, ಕರಿದ ಮೀನು, ಪಿರೋಗಿ. ಮೊದಲ ನಕ್ಷತ್ರ ಕಾಣುವವರೆಗೆ ಯಾರೂ ಕೂರುವಂತಿಲ್ಲ; ರೇಮಂಡ್ ಮತ್ತು ಡೆನೀಸ್ ಅದಕ್ಕಾಗಿ ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದರು. ಒಳಗೆ ಬ್ರಿಜಿಟ್ ತಟ್ಟೆ ಜೋಡಿಸುತ್ತಿದ್ದಳು. ನಾಲ್ವರ ಮನೆಗೆ ಐದು ತಟ್ಟೆ. ಆ ದಿನ ಒಂದು ಜಾಗ ಹೇಳದೆ ಬರಬಹುದಾದ ಅತಿಥಿಗೆಂದು ಖಾಲಿ ಇಡುವುದು, ಪೋಲೆಂಡಿನ ಕಡೆಯ ಎಲ್ಲ ಮನೆಗಳಲ್ಲೂ ಹಾಗೇ.

ಬ್ರಿಜಿಟ್ ಐದನೆಯ ಕುರ್ಚಿ ಎಳೆದು ಒಂದು ಕ್ಷಣ ನಿಂತಳು. ಆಮೇಲೆ ಹೋಗಿ ಪೊರಕೆ ತಂದು ಅದರ ಸುತ್ತ ಗುಡಿಸಿದಳು. ಏಪ್ರನ್ನಿನ ತುದಿಯಿಂದ ಕುರ್ಚಿಯನ್ನು ಒರೆಸಿದಳು. ಒಲೆಯ ಬಳಿಯಿಂದ ಯಾದ್ವಿಗಾ ನೋಡುತ್ತಿದ್ದಳು. ಬೀಗದ ಕೈ ಇಲ್ಲದ ಏಪ್ರನ್ ಹಗುರಾಗಿತ್ತು, ಆದರೆ ಈ ಹುಡುಗಿ ತನ್ನವಳು ಎಂಬ ಹೆಮ್ಮೆ ಎದೆಯಲ್ಲಿ ಹಿಡಿಸದಷ್ಟಿತ್ತು.

"ಬಾಬ್ಚಿ, ಈ ಕುರ್ಚೀಲಿ ಯಾರಾದ್ರೂ ಬಂದು ಕೂತಿದ್ದಾರಾ, ಯಾವತ್ತಾದ್ರೂ?"

"ನಾನು ಈ ಮನೆಗೆ ಬಂದು ಐವತ್ತನಾಲ್ಕು ವರ್ಷ ಆಯ್ತು. ಯಾರೂ ಬಂದಿಲ್ಲ."

"ಮತ್ತೆ ಪ್ರತಿ ವರ್ಷ ಯಾಕೆ ಇಡ್ತೀಯ?"

ಯಾದ್ವಿಗಾ ಹುರಿದ ಈರುಳ್ಳಿಯನ್ನು ತಂದು, ಮೊದಲ ಚಮಚವನ್ನು ಆ ಐದನೆಯ ತಟ್ಟೆಗೆ ಹಾಕಿದಳು.

"ಬಂದ್ರೆ ನಿಂತ್ಕೊಂಡು ತಿನ್ನೋಕಾಗುತ್ತೇನೇ?"